ಎಲ್ಲರ ಪರವಾಗಿ ‘ನಾನು’ ಎನ್ನುತ್ತಿದ್ದವರು

ಮಾತು ಹೊರಬರುವ ಮೊದಲು ಅವರ ಗಂಟಲಮಣಿ ಮೇಲೇರಿ ಒಂದು ಕ್ಷಣ ಅಲ್ಲೇ ನಿಲ್ಲುತ್ತಿತ್ತು. ಉದ್ದನೆಯ ತೆಳು ಕುತ್ತಿಗೆ, ಶೇವ್ ಮಾಡುವಾಗ ಕೈತಪ್ಪಿದ ಒಂದಿಷ್ಟು ಬಿಳಿ ಕೂದಲು, ಕೊನೆಯ ಗುಂಡಿಯವರೆಗೂ ಹಾಕಿದ ಶರ್ಟಿನ ಕಾಲರು, ಅದರ ಮೇಲೆ ಈ ಮಣಿ. ಕಣ್ಣು ಮುಚ್ಚಿ, ಎಡಗಿವಿಯ ಹಿಂದೆ ಅಂಗೈ ಇಟ್ಟು ಮೈಕಿನ ಮುಂದೆ ಕೂತರೆಂದರೆ ನನ್ನ ಕಣ್ಣು ಸಿನಿಮಾ ಪರದೆ ಬಿಟ್ಟು ಅವರ ಕುತ್ತಿಗೆಯ ಮೇಲೆಯೇ ಇರುತ್ತಿತ್ತು. ಮಣಿ ಏರಿತು, ನಿಂತಿತು, ಇಳಿಯಿತು. ಇಗೋ, ಇಂಗ್ಲಿಷ್ ಬಂತು.

ಅವರನ್ನು ನಾನು ದುಭಾಷಿ ಎಂದೇ ಕರೆಯುತ್ತೇನೆ. ಆ ಕಟ್ಟಡದಲ್ಲಿ ಎಲ್ಲರೂ ಅವರನ್ನು ‘ಇಂಟರ್‌ಪ್ರೆಟರ್’ ಎನ್ನುತ್ತಿದ್ದರು, ಹೆಸರು ಹಿಡಿದು ಕರೆದವರು ಕಡಿಮೆ.

ನಮ್ಮ ಯಜಮಾನರು ಹೋದ ಮೇಲೆ ನ್ಯೂಜರ್ಸಿಯ ಎಡಿಸನ್‌ನ ಮನೆ ಮಾರಿ ನಾನು ಸೀನಿಯರ್ ಅಪಾರ್ಟ್‌ಮೆಂಟುಗಳ ವೇಯ್ಟಿಂಗ್ ಲಿಸ್ಟಿನಲ್ಲಿ ಕಾದೆ. ಮೊದಲು ಸಿಕ್ಕಿದ್ದು ಫೇರ್ ಲಾನ್‌ನಲ್ಲಿ. ಹೋಗಿ ನೋಡಿದರೆ ಅರ್ಧಕ್ಕರ್ಧ ರಷ್ಯನ್ನರು. ಅಥವಾ ಹಾಗೆ ಅಂದುಕೊಂಡಿದ್ದೆ. ಒಬ್ಬರು ಮಾಸ್ಕೋದವರು, ಒಬ್ಬರು ಒಡೆಸಾದವರು, ಇನ್ನೊಬ್ಬರು ತಾಷ್ಕೆಂಟಿನವರು. ಒಂದೇ ಆಗಿದ್ದದ್ದು ಭಾಷೆ ಮಾತ್ರ. ಇದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ನಾನು ಹಿಂದಿಯವಳಲ್ಲ ಎಂದು ಅವರಿಗೆ ತಿಳಿಯಲೂ ಅಷ್ಟೇ ಕಾಲ ಹಿಡಿಯಿತು, ಹಾಗಾಗಿ ಲೆಕ್ಕ ಸಮವಾಯಿತು.

ಭಾನುವಾರ ಮಧ್ಯಾಹ್ನ ಕೆಳಗಿನ ಕಮ್ಯುನಿಟಿ ರೂಮಿನಲ್ಲಿ ಸಿನಿಮಾ. ಹೆಚ್ಚಾಗಿ ಹಳೆಯ ರಷ್ಯನ್ ಚಿತ್ರಗಳು. ನನ್ನಂಥವರಿಗಾಗಿ ದುಭಾಷಿ ಹಿಂದಿನ ಸಾಲಿನಲ್ಲಿ ಒಂದು ಟೇಬಲ್ ಲ್ಯಾಂಪ್ ಹಚ್ಚಿ ಕೂತು, ಹೀರೋ, ಹೀರೋಯಿನ್, ಅಜ್ಜಿ, ಪೊಲೀಸು, ಮಗು ಎಲ್ಲರ ಮಾತನ್ನೂ ಒಂದೇ ಸಪ್ಪೆ ದನಿಯಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಯೌವನದಲ್ಲಿ ಮಾಸ್ಕೋದ ಫಿಲ್ಮ್ ಫೆಸ್ಟಿವಲ್‌ಗಳಲ್ಲಿ ಅವರು ಮಾಡುತ್ತಿದ್ದ ಕೆಲಸವೇ ಅದು. ಹಿಂದಿ ಸಿನಿಮಾಗಳಿಗೂ ಇಂಗ್ಲಿಷ್ ಸ್ಕ್ರಿಪ್ಟು ಕೈಲಿ ಹಿಡಿದು ರಷ್ಯನ್ ದನಿ ಕೊಟ್ಟಿದ್ದರಂತೆ.

“ನಿಮ್ಮ ದೇಶದ ಹೀರೋಯಿನ್‌ಗಳೆಲ್ಲ ನನ್ನ ಗಂಡು ದನಿಯಲ್ಲೇ ಅತ್ತಿದ್ದಾರೆ, ಮ್ಯಾಡಮ್,” ಎಂದಿದ್ದರು ಮೊದಲ ಭೇಟಿಯಲ್ಲಿ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕಾಮಿಡಿ ನಡೆಯುವಾಗಲೂ ಅಷ್ಟೇ. ಇಡೀ ರೂಮು ಬಿದ್ದು ಬಿದ್ದು ನಗುತ್ತಿರುವಾಗ ಅವರೊಬ್ಬರು ಕರೆಂಟ್ ಬಿಲ್ ಓದುವವರ ಹಾಗೆ. ಕೇಳಿದರೆ, “ನಗುವುದು ನಿಮ್ಮ ಕೆಲಸ. ನನಗೆ ಅದಕ್ಕೆ ಸಂಬಳವಿಲ್ಲ.”

ಅಮೆರಿಕಕ್ಕೆ ಬಂದ ಮೇಲೆ ರಿಟೈರ್ ಆಗುವವರೆಗೂ ಅವರು ನ್ಯೂಜರ್ಸಿಯ ಕೋರ್ಟುಗಳಲ್ಲಿ, ಆಸ್ಪತ್ರೆಗಳಲ್ಲಿ ದುಭಾಷಿಯಾಗಿದ್ದರು. ಆ ಕಸುಬಿನ ನಿಯಮವೆಂದರೆ, ‘ಅವನು ಹೀಗೆ ಹೇಳುತ್ತಿದ್ದಾನೆ’ ಅನ್ನಬಾರದು. ಅವನಾಗಿ ‘ನಾನು’ ಅನ್ನಬೇಕು. ಕೋರ್ಟಿನಲ್ಲಿ ಒಬ್ಬ ಆರೋಪಿ ಜಡ್ಜನ್ನು ರಷ್ಯನ್ನಿನಲ್ಲಿ ವಾಚಾಮಗೋಚರ ಬೈದನಂತೆ. ಇವರು ಎದ್ದು ನಿಂತು, ಕೈಕಟ್ಟಿ, ಅದೇ ಬೈಗಳನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಜಡ್ಜಿಗೆ ಒಪ್ಪಿಸಿದರಂತೆ. ಜಡ್ಜಿನ ಮುಖ ಕೆಂಪೇರಿತು. ಆಮೇಲೆ, “ಥ್ಯಾಂಕ್ಯೂ, ಮಿಸ್ಟರ್ ಇಂಟರ್‌ಪ್ರೆಟರ್. ವೆರಿ ಕ್ಲಿಯರ್,” ಎಂದರಂತೆ.

ನನ್ನನ್ನು ಆ ಮೈಕಿನ ಮುಂದೆ ಕೂರಿಸಿದವರೂ ಅವರೇ. “ನಿಮ್ಮ ಭಾಷೆಯ ಸಿನಿಮಾ ಒಂದು ತನ್ನಿ, ನೀವೇ ಹೇಳಿ,” ಎಂದರು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜು ತಗೊಂಡವಳು. ದುಃಖದ ಸಾಲಿಗೆ ದನಿ ನಡುಗಿಸಿ, ಸಂತೋಷದ ಸಾಲಿಗೆ ಕೈ ಅರಳಿಸಿ, ಸಿಸ್ಟರ್‌ಗಳ ಕಣ್ಣಲ್ಲಿ ನೀರು ತರಿಸಿದವಳು. ಹಾಗೆಯೇ ಶುರು ಮಾಡಿದೆ. ಎರಡನೇ ರೀಲಿಗೇ ದುಭಾಷಿ ಮೈಕಿಗೆ ಕೈ ಅಡ್ಡ ಹಿಡಿದರು.

“ಮ್ಯಾಡಮ್, ನೀವು ಆ್ಯಕ್ಟ್ ಮಾಡುತ್ತಿದ್ದೀರಿ. ನಟಿ ಅಲ್ಲಿದ್ದಾಳೆ, ಪರದೆಯ ಮೇಲೆ. ಪಾಪ, ಅವಳ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀರಿ? ಒಂದು ಉಸಿರು ಹಿಂದೆ ಇರಿ. ಅವಳು ಎಷ್ಟು ಹೇಳಿದಳೋ ಅಷ್ಟು ಹೇಳಿ. ಸಾಕು.”

ಆಮೇಲೆ ನನ್ನ ಬೆನ್ನು ಬಿಡದೆ ಆಸ್ಪತ್ರೆಯ ಇಂಟರ್‌ಪ್ರೆಟರ್ ಟ್ರೇನಿಂಗಿಗೂ ಸೇರಿಸಿದರು. ಮೂವತ್ತು ವರ್ಷಕ್ಕೂ ಮೇಲೆ ಲ್ಯಾಬ್‌ನಲ್ಲಿ ಕೆಲಸ ಮಾಡಿದ ನನಗೆ ಕಾಯಿಲೆಗಳ ಹೆಸರು ಹೊಸದಲ್ಲ. ಅದನ್ನು ಕಾಯಿಲೆಯವರ ಮುಖ ನೋಡಿ ಹೇಳುವುದು ಹೊಸದು.

ಇಲ್ಲಿ ಇನ್ನೊಬ್ಬರ ಬಗ್ಗೆ ಹೇಳಬೇಕು. ದುಭಾಷಿಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಡೆಸಾದ ಪಿಯಾನೊ ಟೀಚರ್ ಇದ್ದರು. ವಿಧವೆ, ನನಗಿಂತ ಸ್ವಲ್ಪ ದೊಡ್ಡವರು, ಎಲ್ಲರನ್ನೂ ‘ಡಾರ್ಲಿಂಗ್’ ಎನ್ನುವವರು. ಅಮೆರಿಕಕ್ಕೆ ಬಂದ ಹೊಸದರಲ್ಲಿ, ಇಂಗ್ಲಿಷ್ ಏನೇನೂ ಬಾರದ ಕಾಲದಲ್ಲಿ, ಅವರ ಗಂಡ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹಾಸಿಗೆಯ ಪಕ್ಕ ನಿಂತಿದ್ದ ದುಭಾಷಿ ಇವರೇ. ‘ಅವರಿಗೆ ನೋವಾಗುತ್ತಿಲ್ಲ’ ಎಂದು ಡಾಕ್ಟರ್ ಹೇಳಿದ್ದು ಇವರ ಬಾಯಿಂದಲೇ ಆಕೆಗೆ ತಲುಪಿತ್ತು. ಆಕೆ ಅದೊಂದು ಮಾತಿನ ಮೇಲೆ ಬದುಕಿದ್ದರು ಎಂದರೆ ಅತಿಶಯವಲ್ಲ. “ಅವನಿಗೆ ನೋವಿರಲಿಲ್ಲ, ಡಾರ್ಲಿಂಗ್. ನನಗೆ ಗೊತ್ತು,” ಎಂದು ಚಹಾ ಕುಡಿಯುತ್ತ ಎಷ್ಟೋ ಸಲ ನನಗೆ ಹೇಳಿದ್ದಾರೆ. ವಾರಕ್ಕೊಮ್ಮೆ ಬೀಟ್‌ರೂಟ್ ಸೂಪ್ ಮಾಡಿ ದುಭಾಷಿಗೆ ಕೊಡುತ್ತಿದ್ದರು. ರಷ್ಯಾ ಯುದ್ಧ ಶುರು ಮಾಡಿ ಒಡೆಸಾದ ಮೇಲೂ ಬಾಂಬು ಹಾಕತೊಡಗಿದಾಗಿನಿಂದ ಸೂಪ್ ತರುವಾಗ ಫೋನು ಜೇಬಿನಲ್ಲೇ ಇರುತ್ತಿತ್ತು. ಒಡೆಸಾದಲ್ಲಿ ಅವರ ತಂಗಿ ಸೈರನ್ ಕೂಗಿದಾಗಲೆಲ್ಲ ಕಿಟಕಿಯಿಂದ ದೂರ ಕಾರಿಡಾರಿನಲ್ಲಿ ಹಾಸಿಗೆ ಹಾಸಿ ಮಲಗುತ್ತಿದ್ದಳು.

ಪ್ರತಿ ಡಿಸೆಂಬರ್ ಕೊನೆಯ ಮಧ್ಯಾಹ್ನ ನಮ್ಮಲ್ಲಿ ತಪ್ಪದೆ ನಡೆಯುತ್ತಿದ್ದದ್ದು ಒಂದು ಹಳೆಯ ಕಾಮಿಡಿ. ಗಂಡಿನ ಕಡೆಯವರು ಹೆಣ್ಣಿನ ಊರಿಗೂ ಹೆಣ್ಣಿನ ಕಡೆಯವರು ಗಂಡಿನ ಊರಿಗೂ ಒಂದೇ ದಿನ ರೈಲು ಹತ್ತುತ್ತಾರೆ. ನಡುವಿನ ಯಾವುದೋ ಪುಟ್ಟ ಸ್ಟೇಷನ್ನಿನಲ್ಲಿ ಎರಡೂ ದಿಬ್ಬಣ ಎದುರಾಗಿ, ಪ್ಲಾಟ್‌ಫಾರ್ಮಿನಲ್ಲೇ ಮದುವೆಯಾಗುತ್ತದೆ. ಹುಡುಗಿಯ ಸೋದರಮಾವ ಒಡೆಸಾದವನು. ಕಂಕುಳಲ್ಲಿ ಕಲ್ಲಂಗಡಿ ಇಟ್ಟುಕೊಂಡು ಓಡಾಡುವ ಡೊಳ್ಳುಹೊಟ್ಟೆಯವನು. ಅವನು ಬಾಯಿ ತೆರೆಯುವ ಮೊದಲೇ ರೂಮಿನ ಎಲ್ಲರೂ ಅವನ ಡಯಲಾಗ್ ಹೇಳಿಬಿಡುತ್ತಿದ್ದರು. ಮಾಸ್ಕೋದವರು, ತಾಷ್ಕೆಂಟಿನವರು, ಎಲ್ಲರಿಗೂ ಅವನು ಸ್ವಂತ ಮಾವ.

ಆ ಚಿತ್ರದ ಎರಡನೆಯ ಭಾಗ ಬಂದಿದೆ ಎಂಬ ಸುದ್ದಿ ತಂದವರು ಮೂರನೇ ಮಹಡಿಯ ಮಾಸ್ಕೋ ಇಂಜಿನಿಯರ್. ಸೇತುವೆ ಕಟ್ಟಿ ರಿಟೈರ್ ಆದ ಮನುಷ್ಯ, ನನ್ನನ್ನು ‘ಮಿಸೆಸ್ ಇಂಡಿಯಾ’ ಎಂದೇ ಕರೆಯುತ್ತಿದ್ದರು. ರಷ್ಯಾದಲ್ಲಿ ಥಿಯೇಟರ್ ತುಂಬಿ ಓಡುತ್ತಿದೆಯಂತೆ, ಪತ್ರಿಕೆಯವರು ಹೊಗಳಿದ್ದಾರಂತೆ. ಆದರೆ ವಯಸ್ಸಾದ ಕೆಲವರು ಇಂಟರ್ನೆಟ್ಟಿನಲ್ಲಿ ‘ನಮ್ಮ ಸಿನಿಮಾವನ್ನು ಏನು ಮಾಡಿಬಿಟ್ಟಿರಿ’ ಎಂದು ಅತ್ತಿದ್ದಾರಂತೆ. ಇಂಜಿನಿಯರ್ ಪೆನ್ ಡ್ರೈವ್ ತರಿಸಿಕೊಂಡರು. ಊರಿಗೆ ಮುಂಚೆ ನೋಟಿಸ್ ಬೋರ್ಡಿನಲ್ಲಿ ಹಾಕಿದರು.

ನೋಟಿಸನ್ನು ಯಾರೋ ಹರಿದರು. ಇನ್ನೊಂದು ಬಂತು. ಅದನ್ನೂ ಹರಿದರು. ಎಲಿವೇಟರಿನಲ್ಲಿ ಇಬ್ಬರು ಮುದುಕಿಯರು ವಾಕರ್ ಹಿಡಿದುಕೊಂಡೇ ಜಗಳಕ್ಕೆ ನಿಂತರು. “ಅದೊಂದು ಬರೀ ಕಾಮಿಡಿ!” ಎಂದು ಒಬ್ಬರು, “ಯಾರ ಹೆಣದ ಮೇಲೆ ಕಾಮಿಡಿ?” ಎಂದು ಇನ್ನೊಬ್ಬರು. ಮ್ಯಾನೇಜರ್ ಹುಡುಗಿ ಬಂದು, ಇನ್ನೊಂದು ಕಂಪ್ಲೇಂಟ್ ಬಂದರೆ ಭಾನುವಾರದ ಸಿನಿಮಾವೇ ಬಂದ್ ಎಂದಳು.

ಜರ್ಸಿ ಸಿಟಿಯಿಂದ ಮಗಳ ಫೋನು. “ಅಮ್ಮ, ಸಂಡೇ ಇಲ್ಲಿಗೆ ಬಂದ್ಬಿಡು. ಅವರ ವಾರ್, ಅವರ ಮೂವಿ. ನಿಂಗ್ಯಾಕೆ?”

“ನಾನು ಕುರ್ಚಿ ಜೋಡಿಸ್ಬೇಕು ಕಣೇ.”

“ಕುರ್ಚಿ ಜೋಡಿಸೋಕೆ ಆ ಬಿಲ್ಡಿಂಗಲ್ಲಿ ಬೇರೆ ಯಾರೂ ಇಲ್ವಾ? ನಿನ್ನ ಸೊಂಟ ನೋಡ್ಕೊಂಡಿದೀಯಾ?”

“ಇಲ್ಲಿರೋ ಎಲ್ಲರದ್ದೂ ನನ್ನದಕ್ಕಿಂತ ಹಾಳಾಗಿದೆ,” ಎಂದೆ. ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ನಿಜವಾದ ಕಾರಣ ಕುರ್ಚಿಯಲ್ಲ. ಪಿಯಾನೊ ಟೀಚರ್ ತಾನು ಬಂದೇ ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದರು.

ಶನಿವಾರ ಲಾಂಡ್ರಿ ರೂಮಿನಲ್ಲಿ ದುಭಾಷಿ ಸಿಕ್ಕರು. ಅವರ ಬೆಡ್‌ಶೀಟಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವರು. ಅಷ್ಟರಲ್ಲಿ ಇಂಜಿನಿಯರ್ ಒಳಗೆ ಬಂದು ಬಾಗಿಲು ಮುಚ್ಚಿದರು.

“ಮದುವೆ ಊಟದ ಸೀನ್ ಇದೆ,” ಎಂದರು ದನಿ ತಗ್ಗಿಸಿ. “ಮಾವನ ಊರಿನ ಬಗ್ಗೆ ಒಂದು ಮಾತು. ಕೆಟ್ಟ ಮಾತು. ಎರಡು ನಿಮಿಷ ಅಷ್ಟೆ. ರಿಮೋಟ್ ನನ್ನ ಕೈಲಿರುತ್ತೆ, ಹಾರಿಸಿಬಿಡ್ತೀನಿ.”

“ಹಾರಿಸಿದರೆ ನಾನು ಎದ್ದು ಹೋಗುತ್ತೇನೆ,” ಎಂದರು ದುಭಾಷಿ.

“ಆಯಿತಪ್ಪ, ಹಾರಿಸಲ್ಲ. ಏನು ಮಾತು ಅಂತ ಹೇಳ್ತೀನಿ, ಕೇಳಿ. ಮೊದಲೇ ತಯಾರಾಗಿ.”

“ಬೇಡ. ಮೊದಲೇ ಕೇಳಿದರೆ ನಾನೂ ಡೈರೆಕ್ಟರ್ ಆಗಿಬಿಡುತ್ತೇನೆ. ಈಗಿರುವ ಡೈರೆಕ್ಟರೇ ಸಾಕು.”

ಇಂಜಿನಿಯರ್ ನನ್ನ ಕಡೆ ತಿರುಗಿದರು. “ಮಿಸೆಸ್ ಇಂಡಿಯಾ, ನೀವಾದರೂ ಈ ಕತ್ತೆಗೆ ಹೇಳಿ.”

ಅವರು ಹೋದ ಮೇಲೆ ನಾನು ಕೇಳಿದೆ, “ಅವರ ಮುಖ ನೋಡುತ್ತ ಹೇಗೆ ಹೇಳುತ್ತೀರಿ?”

“ನಾನು ಮುಖ ನೋಡುವುದಿಲ್ಲ, ಮ್ಯಾಡಮ್. ಕಣ್ಣು ಮುಚ್ಚುತ್ತೇನೆ.” ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಿಂದ ಸವರಿ, ಬಿಚ್ಚಿ, ಮತ್ತೆ ಮಡಿಸಿದರು.

ಭಾನುವಾರ ರೂಮು ತುಂಬಿತ್ತು. ಕೋಟು ಬಿಚ್ಚದೆ ಕೂತವರೇ ಹೆಚ್ಚು. ಪಿಯಾನೊ ಟೀಚರ್ ಮುತ್ತಿನ ಸರ ಹಾಕಿಕೊಂಡು, ಲಿಪ್‌ಸ್ಟಿಕ್ ಹಚ್ಚಿಕೊಂಡು ಮುಂದಿನ ಸಾಲಿನ ನಡುವೆ ಕೂತರು. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿ. ನಾನು ಹಿಂದೆ, ಲ್ಯಾಂಪಿನ ಹತ್ತಿರ.

ಮೊದಲ ಅರ್ಧ ಗಂಟೆ ಸಪ್ಪೆ. ಹಳೆಯ ನಟನೇ ಮುದುಕನಾಗಿ ಸೋದರಮಾವನ ಪಾತ್ರಕ್ಕೆ ಬಂದಿದ್ದ. ಈಗ ಅವನು ಅಮೆರಿಕದಲ್ಲಿ ನೆಲೆಸಿ, ಮೊಮ್ಮಗಳ ಮದುವೆಗೆ ಬಂದವನು. ಅವನ ಸೂಟ್‌ಕೇಸಿನ ಬಗ್ಗೆ ಜೋಕು, ಅವನ ರಷ್ಯನ್ ಉಚ್ಚಾರದ ಬಗ್ಗೆ ಜೋಕು, ಊಟದ ಮುಂದೆ ಕೂತು ಅಳುವ ಬಗ್ಗೆ ಜೋಕು. ಇಲ್ಲಿ ಕೂತಿದ್ದವರೆಲ್ಲ ಅಂಥದೇ ಸೂಟ್‌ಕೇಸ್ ಹೊತ್ತು ಬಂದವರು. ನಗು ಒಂದು ಕಡೆ ಎದ್ದು ಅಲ್ಲೇ ಸಾಯುತ್ತಿತ್ತು.

ಮದುವೆ ಊಟದ ಸೀನ್ ಬಂತು. ಹುಡುಗನ ಅಪ್ಪ ಗ್ಲಾಸ್ ಎತ್ತಿ, ಮಾವನ ಹೆಗಲ ಮೇಲೆ ಕೈಹಾಕಿ, ನಗುನಗುತ್ತ ಏನೋ ಉದ್ದವಾಗಿ ಹೇಳತೊಡಗಿದ. ನಾನು ದುಭಾಷಿಯ ಕುತ್ತಿಗೆ ನೋಡುತ್ತಿದ್ದೆ. ಮಣಿ ಏರಿತು. ನಿಂತಿತು. ಕಣ್ಣು ತೆರೆದರು. ಎದುರಿಗೆ ಮುಂದಿನ ಸಾಲಿನಲ್ಲಿ ಪಿಯಾನೊ ಟೀಚರರ ಬಾಬ್ ಕಟ್ ಮಾಡಿದ ಬಿಳಿತಲೆ ಅಲುಗಾಡದೆ ಕೂತಿತ್ತು.

“ನಿಮ್ಮ ಊರು ಚಂದದ ಊರು,” ಎಂದರು ದುಭಾಷಿ ಮೈಕಿನಲ್ಲಿ. “ಬೇಸಿಗೆಯಲ್ಲಿ ಸಮುದ್ರ ನೋಡಲು ನಾವೆಲ್ಲ ಬರುತ್ತಿದ್ದೆವು.”

ಅಷ್ಟೆ. ನನ್ನ ಪಕ್ಕದ ಗುಜರಾತಿ ದಂಪತಿ ಮುಗುಳ್ನಕ್ಕರು. ಆದರೆ ಪರದೆಯ ಮೇಲಿನವನು ಇನ್ನೂ ಮಾತಾಡುತ್ತಲೇ ಇದ್ದ. ಒಂದು ಉಸಿರು ಹಿಂದೆ ಇರಬೇಕಾದವರು ಅವನಿಗಿಂತ ಮುಂಚೆಯೇ ಮುಗಿಸಿ ಕೂತಿದ್ದರು. ನನಗೆ ರಷ್ಯನ್ ಬಾರದು. ಆದರೂ ಲೆಕ್ಕ ತಪ್ಪಿದ್ದು ತಿಳಿಯಿತು.

ಪಿಯಾನೊ ಟೀಚರ್ ಎದ್ದು ನಿಂತರು. “ಸ್ಟಾಪ್.”

ಇಂಜಿನಿಯರ್ ಚಿತ್ರ ನಿಲ್ಲಿಸಿದರು. ಆಕೆ ಹಿಂದೆ ತಿರುಗಿ, ರಷ್ಯನ್ನಿನಲ್ಲಲ್ಲ, ನಮಗೆಲ್ಲ ಅರ್ಥವಾಗಲೆಂದೇ ಇಂಗ್ಲಿಷಿನಲ್ಲಿ ಹೇಳಿದರು, “ಅವನು ಹೇಳಿದ್ದು ಅದಲ್ಲ. ನೀವು ಕತ್ತರಿಸಿದಿರಿ.”

ದುಭಾಷಿ ಕಿವಿಯ ಹಿಂದಿನ ಕೈ ಕೆಳಗಿಳಿಸಿದರು.

“ಯಾಕೆ?”

“ನಿಮಗಾಗಿ. ಅದನ್ನು ನನ್ನ ಬಾಯಿಂದಲೂ ನೀವು ಕೇಳಬಾರದೆಂದು.” ಮೈಕು ಆನ್ ಇತ್ತು. ಆ ಮಾತು ನಾಲ್ಕು ಗೋಡೆಗೂ ಬಡಿಯಿತು.

“ಬಿಡಿ, ಬಿಡಿ,” ಎಂದು ಇಂಜಿನಿಯರ್ ನಡುವೆ ಬಂದರು. “ಕಾಮಿಡಿ ಇದು. ಮುಂದೆ ಒಳ್ಳೆ ಡಾನ್ಸ್ ಇದೆ.”

“ನೀವು ಕೂತ್ಕೊಳ್ಳಿ!” ಆಕೆಯ ದನಿ ಒಡೆಯಲಿಲ್ಲ, ಇನ್ನಷ್ಟು ಮೆಲ್ಲಗಾಯಿತು. “ನಾನು ಎರಡೂ ಭಾಷೆ ಕೇಳಬಲ್ಲೆ ಈಗ. ಅವತ್ತು ಆಗುತ್ತಿರಲಿಲ್ಲ. ಅವತ್ತು ನನ್ನ ಗಂಡನ ಹಾಸಿಗೆಯ ಪಕ್ಕ ನಿಂತು ‘ವಾರ ದಾಟುವುದಿಲ್ಲ’ ಅಂದಿರಿ. ‘ನೋವಿಲ್ಲ’ ಅಂದಿರಿ. ನೀವು ಕತ್ತರಿಸದ ಮನುಷ್ಯ ಅಂತ ನಂಬಿದ್ದೆ. ಈಗ ಹೇಳಿ. ಆ ‘ನೋವಿಲ್ಲ’ ಡಾಕ್ಟರದ್ದೋ, ನಿಮ್ಮದೋ? ಅದೂ ನನಗಾಗಿಯೋ?”

ದುಭಾಷಿ ಮೈಕಿನಿಂದ ಮುಖ ಎತ್ತಿ ಆಕೆಯ ಕಡೆ ನೋಡಿದರು.

“ಡಾಕ್ಟರದ್ದು,” ಎಂದರು. “ಪ್ರತಿ ಶಬ್ದವೂ.”

“ನಾನು ಹೇಗೆ ನಂಬಲಿ?”

ಏನು ಉತ್ತರಿಸಿದರೂ ಅದನ್ನು ಹೇಳುವವರು ಅವರೇ ತಾನೆ. ದುಭಾಷಿ ಇಂಜಿನಿಯರಿಗೆ ಹೇಳಿದರು, “ಹಿಂದಕ್ಕೆ ತೆಗೆದುಕೊಳ್ಳಿ. ಗ್ಲಾಸ್ ಎತ್ತುವ ಜಾಗಕ್ಕೆ.”

“ಬೇಡ ಮಾರಾಯ...”

“ಹಿಂದಕ್ಕೆ.”

ಪಿಯಾನೊ ಟೀಚರ್ ಕೂರಲಿಲ್ಲ. ಪರದೆಗೆ ಬೆನ್ನು ಮಾಡಿ, ದುಭಾಷಿಯನ್ನೇ ನೋಡುತ್ತ ನಿಂತರು. ಅವರೂ ಕಣ್ಣು ಮುಚ್ಚಲಿಲ್ಲ. ಹುಡುಗನ ಅಪ್ಪ ಮತ್ತೆ ಗ್ಲಾಸ್ ಎತ್ತಿದ, ಮತ್ತೆ ನಕ್ಕ. ಒಂದು ಉಸಿರು ಹಿಂದೆ, ಆ ಸಪ್ಪೆ ದನಿ ಬಂತು.

“ಯಾವ ಊರಯ್ಯಾ ನಿನ್ನದು? ಅದು ಊರೇ? ಅದು ನಮ್ಮ ಬೇಸಿಗೆ ಮನೆ. ಸಮುದ್ರ ನೋಡಲು ಇಟ್ಟುಕೊಂಡದ್ದು. ಬಾಡಿಗೆಗೆ ಬಿಟ್ಟಿದ್ದೆವು, ಬಾಡಿಗೆಯವರು ತಮ್ಮದೇ ಅಂದುಕೊಂಡರು. ಈಗ ಖಾಲಿ ಮಾಡಿಸುತ್ತಿದ್ದೇವೆ. ಸ್ವಲ್ಪ ಸದ್ದಾಗುತ್ತದೆ, ಸ್ವಲ್ಪ ಗಾಜು ಒಡೆಯುತ್ತದೆ. ಮನೆ ಖಾಲಿ ಮಾಡಿಸುವಾಗ ಆಗುವುದೇ.” ಆಮೇಲೆ ಮಾವನ ಮಾತು, ಅದೇ ದನಿಯಲ್ಲಿ: “ನಿಜ, ನಿಜ. ನಾವು ಬಾಡಿಗೆಯವರೇ. ಎಲ್ಲಿ, ಇನ್ನೊಂದು ಗ್ಲಾಸ್ ಹಾಕಿ.”

ಪರದೆಯ ಮೇಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮ ರೂಮಿನಲ್ಲಿ ಒಬ್ಬರೂ ಇಲ್ಲ. ಇಂಜಿನಿಯರ್ ತಮ್ಮ ಶೂ ನೋಡುತ್ತಿದ್ದರು. ಆ ಗುಜರಾತಿ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

“ಥ್ಯಾಂಕ್ಯೂ,” ಎಂದರು ಪಿಯಾನೊ ಟೀಚರ್. “ಈಗ ಮುಂದೆ ಹೋಗಿ.” ಕೂತರು. ಚಿತ್ರ ಮುಗಿಯುವವರೆಗೂ ಕೂತಿದ್ದರು. ಅರ್ಧ ಜನ ನಡುವೆಯೇ ಎದ್ದು ಹೋದರು. ಹೋದವರಲ್ಲಿ ಇಂಜಿನಿಯರೂ ಒಬ್ಬರು. ಕೊನೆಯ ಹೆಸರುಗಳು ಬರುವಾಗ ನಾನು ಕುರ್ಚಿ ಮಡಿಸಲು ಶುರು ಮಾಡಿದೆ.

ಎಲಿವೇಟರಿನಲ್ಲಿ ನಾನೂ ಆಕೆಯೂ ಇಬ್ಬರೇ. “ನಂಬಿದಿರಾ?” ಎಂದು ಕೇಳಿದೆ.

“ನಂಬಿದೆ, ಡಾರ್ಲಿಂಗ್,” ಎಂದರು. “ಆದರೆ ನಂಬಬೇಕಾಗಿ ಬಂತು. ಮೊದಲು ಹಾಗಿರಲಿಲ್ಲ. ಮೊದಲು ನನಗೆ ಗೊತ್ತಿತ್ತು.”

ಕೆಲವು ವಾರ ಸೂಪ್ ಹೋಗಲಿಲ್ಲ. ಮತ್ತೊಂದು ದಿನ ಕಾರಿಡಾರಿನಲ್ಲಿ ಬೀಟ್‌ರೂಟಿನ ವಾಸನೆ ಬಂದಾಗ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ. ಆದರೆ ದುಭಾಷಿ ಮತ್ತೆ ಮೈಕಿನ ಮುಂದೆ ಕೂರಲಿಲ್ಲ. ಕಿವಿ ಮಂದವಾಗಿದೆಯೇ ಎಂದು ಕೇಳಿದವರಿಗೆಲ್ಲ ಹೌದು ಎನ್ನುತ್ತಿದ್ದರು. ನನಗೆ ಮಾತ್ರ, “ಕಿವಿ ಸರಿಯಾಗಿದೆ. ನಾನು ಸರಿಯಿಲ್ಲ,” ಎಂದರು.

“ಒಂದು ಸಲ ಮರುಕ ಬಂತು, ಅಷ್ಟೆ. ಅದೇನು ಅಪರಾಧವೇ?” ಎಂದೆ.

“ಮರುಕ ಬರಲಿ. ಬಂದಾಗ ಮೈಕ್ ಆಫ್ ಮಾಡಿ ಎದ್ದು ಹೋಗಿ, ಮ್ಯಾಡಮ್. ಕೂತುಕೊಂಡು ಕತ್ತರಿಸಬೇಡಿ. ಒಂದು ಕಡೆ ಕತ್ತರಿ ಬಿದ್ದರೆ ಇಡೀ ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ. ನೋಡಿದಿರಲ್ಲ.”

ಮುಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅವರು ಹೋದರು. ಹಿಮಬಿರುಗಾಳಿಗೆ ಸಿಕ್ಕಿ ನಾನು ಜರ್ಸಿ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದೆ. ಪಿಯಾನೊ ಟೀಚರ್ ಫೋನು ಮಾಡಿ, “ಕೊನೆಯಲ್ಲಿ ಅವರಿಗೆ ನೋವಿತ್ತು, ಡಾರ್ಲಿಂಗ್. ಸ್ವಲ್ಪ ಇತ್ತು. ನಾನು ಜೊತೆಗಿದ್ದೆ,” ಎಂದರು. ಬೇರೆಯವರಾಗಿದ್ದರೆ ‘ನಿದ್ದೆಯಲ್ಲೇ ಹೋದರು’ ಎನ್ನುತ್ತಿದ್ದರು.

ಅದಾಗಿ ಕೆಲವು ತಿಂಗಳಿಗೆ ಆಸ್ಪತ್ರೆಯಿಂದ ಕರೆ ಬಂತು. ಯಾರೆಂದು ಗುರುತಾಗದ ಹಾಗೆ ಬರೆಯುತ್ತಿದ್ದೇನೆ. ಧಾರವಾಡದ ಕಡೆಯ ಒಬ್ಬ ಯಜಮಾನರು, ಮಗನನ್ನು ನೋಡಲು ಬಂದವರು, ಹಾಸಿಗೆ ಹಿಡಿದಿದ್ದರು. ಕೋಣೆಯ ಹೊರಗೇ ಮಗ ನನ್ನನ್ನು ಅಡ್ಡಗಟ್ಟಿದ. ಒಳ್ಳೆಯ ಹುಡುಗ, ಕಣ್ಣು ಊದಿಕೊಂಡಿದ್ದವು.

“ಆಂಟಿ, ಕ್ಯಾನ್ಸರ್ ಅನ್ನೂ ಶಬ್ದ ಮಾತ್ರ ಹೇಳಬ್ಯಾಡ್ರಿ. ಇನ್‌ಫೆಕ್ಷನ್ ಅಂದುಬಿಡ್ರಿ. ಪ್ಲೀಸ್. ಅಪ್ಪ ತಡಕೊಳ್ಳೂದಿಲ್ಲ. ಡಾಕ್ಟರ್‌ಗೇನು ಗೊತ್ತಾಗ್ತದ?”

ನನಗೂ ಒಬ್ಬ ತಂದೆ ಇದ್ದರು. ಆ ಹುಡುಗನ ಕೈ ಹಿಡಿದುಕೊಳ್ಳಬೇಕೆನಿಸಿತು. ಎದ್ದು ಹೋಗೋಣವೆಂದರೆ ಆವತ್ತು ಕನ್ನಡಕ್ಕೆ ಬೇರೆ ಜನವಿರಲಿಲ್ಲ. ಒಳಗೆ ಹೋಗಿ, ಮಗ ಹೇಳಿದ್ದನ್ನು ಡಾಕ್ಟರಿಗೆ ಹಾಗೆಯೇ ಹೇಳಿದೆ. ಆಕೆ ಯೋಚಿಸಿ, ಯಜಮಾನರ ಕಡೆ ತಿರುಗಿ, ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಲು ಇಷ್ಟಪಡುತ್ತೀರಿ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

“ಅರ್ಧಾ ಕೇಳಿ ಏನ್ ಮಾಡ್ಲಿ? ಎಲ್ಲಾ ಹೇಳ್ರಿ,” ಎಂದರು ಅವರು.

ಡಾಕ್ಟರ್ ಹೇಳತೊಡಗಿದರು. ಒಂದು ಉಸಿರು ಹಿಂದೆ, ದನಿ ನಡುಗದಂತೆ ನೋಡಿಕೊಂಡು, ನಾನು ಎಲ್ಲವನ್ನೂ ಹೇಳಿದೆ. ಆ ಶಬ್ದವನ್ನೂ. ಮಗ ಗೋಡೆಗೆ ಮುಖ ಮಾಡಿ ನಿಂತ. ನನ್ನ ಕಡೆ ನೋಡಲಿಲ್ಲ.

ಯಜಮಾನರು, “ಅಕ್ಕಾರ, ನಾ ವಿಮಾನ ಹತ್ತಬಹುದೇನಂತ ಕೇಳ್ರಿ,” ಎಂದರು.

ಕೇಳಿದೆ. ಈ ವಾರವೋ ಮುಂದಿನ ವಾರವೋ ಆದರೆ ಸಾಧ್ಯ, ಆಮೇಲೆ ಹೇಳಲಾರೆ ಎಂದರು ಡಾಕ್ಟರ್. ಅದನ್ನೂ ಹೇಳಿದೆ.

ಅವರು ಮೊಣಕೈ ಊರಿ ಸ್ವಲ್ಪ ಮೇಲೆದ್ದು ಕೂತರು. ಗೋಡೆಯ ಕಡೆ ತಿರುಗಿದ್ದ ಬೆನ್ನಿಗೆ ಹೇಳಿದರು, “ಕೇಳಿದೇನಪಾ? ಈ ವಾರನ ಟಿಕೀಟ ತಗಸು. ಅಕ್ಕಾರಿಗೆ ಏನೂ ಅನಬ್ಯಾಡ.”